ಮಾಲೆಯೋ, ಹೂವೋ?

ಹೂವಾಡಗಿತ್ತಿಯ ಬುಟ್ಟಿಯಲ್ಲಿ ಮೂರು ಮಾಲೆಗಳಿವೆ. “ಎಷ್ಟಿವೆ, ಎಣಿಸಪ್ಪಾ” ಎಂದರೆ ಹುಡುಗ “ಮೂರು” ಎನ್ನುತ್ತಾನೆ. ಬುಟ್ಟಿಯನ್ನು ಬದಿಗಿರಿಸಿ, ಒಂದೇ ಮಾಲೆಯನ್ನು ಅವನ ಕೈಗಿತ್ತು ಅದೇ ಮಾತನ್ನಾಡಿದರೆ? ಆತ ಹೂಗಳನ್ನೇ ಎಣಿಸತೊಡಗಬಹುದು! ಅವನ ತಪ್ಪೇನು? ಮಾಲೆಯೂ ಹೂಗಳ ಸಮೂಹವೇ ಅಲ್ಲವೆ? ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆಯುವವರನ್ನೂ ಇಂತಹುದೇ ತೊಡಕು ಕಾಡುತ್ತದೆ.

ಡೆನ್ಮಾರ್ಕಿನಲ್ಲಿ ಜನಿಸಿದ ಆಂಡರ್ಸ್ ಹೈಲ್ಸ್‌ಬರ್ಗ್ ಅವರ ನೇತೃತ್ವದಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ರೂಪಿಸಿದ ಭಾಷೆ ಸಿ-ಶಾರ್ಪ್. 2005ರಲ್ಲಿ ಅದಕ್ಕೆ ‘ಜೆನೆರಿಕ್’ ಎಂಬ ಸೌಲಭ್ಯವು ಸೇರಿತು. ಪಾವು ಅಕ್ಕಿಯನ್ನೂ ಅಳೆಯುತ್ತದೆ, ರಾಗಿಯನ್ನೂ ಅಳೆಯುತ್ತದೆ. ಅಂತೆಯೇ ಒಮ್ಮೆ ಬರೆದ ವಿಧಾನವು ಅಂಕಿಗಳ ಪಟ್ಟಿಗೂ ಹೆಸರುಗಳ ಪಟ್ಟಿಗೂ ಸಲ್ಲುವುದು. 2007ರಲ್ಲಿ ‘ಎಕ್ಸ್‌ಟೆನ್ಷನ್ ಮೆಥಡ್’ ಬಂದಿತು. ಅನ್ಯರು ಕಟ್ಟಿದ ಮನೆಯ ಗೋಡೆಯನ್ನು ಒಡೆಯದೆಯೇ ಹೊರಗೊಂದು ಜಗಲಿಯನ್ನು ಸೇರಿಸಿದಂತೆ, ಸಿದ್ಧವಾಗಿರುವ ವಸ್ತುವಿಗೆ ಹೊಸ ವಿಧಾನವನ್ನು ಹೊರಗಿನಿಂದಲೇ ಜೋಡಿಸುವ ಉಪಾಯವಿದು. ಪಟ್ಟಿಯಲ್ಲಿರುವುದು ಯಾವ ಬಗೆಯ ವಸ್ತುವೆಂದು ಪ್ರತಿಸಲವೂ ಹೇಳಬೇಕಾಗಿಲ್ಲ. ಆಜ್ಞೆಗಳನ್ನು ಪರೀಕ್ಷಿಸಿ ಪರಿವರ್ತಿಸುವ ಕಂಪೈಲರ್ ತಾನೇ ಊಹಿಸಿಕೊಳ್ಳುತ್ತದೆ.

ಊಹೆ ಎಡವುವುದು ಇಲ್ಲಿಯೇ. ಈ ಭಾಷೆಯಲ್ಲಿ ಬರಹದ ತುಣುಕಿಗೆ ಸ್ಟ್ರಿಂಗ್ ಎಂದು ಹೆಸರು. ಸ್ಟ್ರಿಂಗ್ ಒಂದು ವಸ್ತುವೂ ಹೌದು, ಬಿಡಿ ಚಿಹ್ನೆಗಳ ಸಾಲೂ ಹೌದು. ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಹೆಸರಿಗೂ ಒಂದು ಪತ್ರವನ್ನು ಸಿದ್ಧಪಡಿಸುವ ಜೆನೆರಿಕ್ ವಿಧಾನವಿದೆಯೆನ್ನೋಣ. ಮೂರು ಹೆಸರುಗಳ ಪಟ್ಟಿಯನ್ನಿತ್ತರೆ ಮೂರು ಪತ್ರಗಳು. ಪಟ್ಟಿಯ ಬದಲು ಮರೆತು ‘ಮೈಸೂರು’ ಎಂಬ ಒಂದೇ ಪದವನ್ನಿತ್ತರೆ ಆರು ಪತ್ರಗಳು! ಕಣ್ಣಿಗೆ ಮೂರೇ ಅಕ್ಷರವಾದರೂ, ಮ, ಸ, ರ ಎಂಬ ಮೂರು ಅಕ್ಷರಗಳೂ ಅವುಗಳ ಮೂರು ಸ್ವರಚಿಹ್ನೆಗಳೂ ಯಂತ್ರದ ಲೆಕ್ಕದಲ್ಲಿ ಬೇರೆಬೇರೆ. ಕಂಪೈಲರ್ ಚಕಾರವೆತ್ತುವುದಿಲ್ಲ, ಅದರ ದೃಷ್ಟಿಯಲ್ಲಿ ಎಲ್ಲವೂ ನಿಯಮಬದ್ಧ. ತಪ್ಪು ಬೆಳಕಿಗೆ ಬರುವುದು ಪತ್ರಗಳು ಹೊರಬಿದ್ದ ಮೇಲೆಯೇ.

ಪರಿಹಾರವಿಲ್ಲದಿಲ್ಲ. ಸ್ಟ್ರಿಂಗಿಗೆಂದೇ ಅದೇ ಹೆಸರಿನ ಪ್ರತ್ಯೇಕ ವಿಧಾನವೊಂದನ್ನು ಬರೆದಿಟ್ಟರೆ ಕಂಪೈಲರ್ ಅದನ್ನೇ ಆರಿಸಿಕೊಳ್ಳುತ್ತದೆ. ಆದರೆ ಎಚ್ಚರ ಬೇಕು. ಆ ಪದವನ್ನು ಮೊದಲೇ ‘ಚಿಹ್ನೆಗಳ ಸಾಲು’ ಎಂದು ಘೋಷಿಸಿದ್ದರೆ ಪ್ರತ್ಯೇಕ ವಿಧಾನಕ್ಕೆ ಕರೆ ಬಾರದು. ಸಾಮಾನ್ಯವಾಗಿ ಆಯ್ಕೆ ನಡೆಯುವುದು ಘೋಷಿತವಾದ ಬಗೆಯನ್ನು ನೋಡಿ. ಅದೂ ಕಾರ್ಯಕ್ರಮವು ಓಡುವ ಮೊದಲೇ.

ಇನ್ನೊಂದು ದಾರಿ ಇನ್ನೂ ಸರಳ: ಊಹೆಗೆ ಎಡೆಗೊಡದೆ, “ಇದು ಸ್ಟ್ರಿಂಗುಗಳ ಪಟ್ಟಿಗೆ ಸಲ್ಲುವ ಕೆಲಸ” ಎಂದು ಕರೆಯುವಾಗಲೇ ಬಾಯಿಬಿಟ್ಟು ಹೇಳುವುದು. ಆಗ ಒಂಟಿ ಪದವನ್ನು ಕೊಟ್ಟರೆ ಕಂಪೈಲರ್ ಒಪ್ಪದೆ ನಿಂತುಬಿಡುತ್ತದೆ. ತಪ್ಪು ಮನೆಯೊಳಗೇ ಉಳಿಯುತ್ತದೆ.

ಯಂತ್ರವು ವಸ್ತುವಿನ ಬಗೆಯನ್ನು ಬಲ್ಲದು, ಬರೆದವನ ಮನಸ್ಸನ್ನು ಅರಿಯದು. ಎಣಿಸಬೇಕಾದುದು ಮಾಲೆಯೋ ಹೂವೋ ಎಂಬುದನ್ನು ಹುಡುಗನ ಊಹೆಗೆ ಬಿಡದೆ ಹೇಳಿ ಕಳುಹಿಸುವುದು ಯಜಮಾನನದೇ ಹೊಣೆ.