ನಿಮಗಿದು ಗೊತ್ತೇ? ಕಸಿ ಕಿಡ್ನಿ ಮತ್ತು ಬಿಳಿ ರಕ್ತಕಣಗಳ ನೆನಪು

● ಮೊದಲ ಯಶಸ್ವಿ ಕಿಡ್ನಿ ಕಸಿ ನಡೆದದ್ದು 1954ರ ಡಿಸೆಂಬರ್ 23ರಂದು, ಅಮೆರಿಕದ ಬಾಸ್ಟನ್‌ನಲ್ಲಿ. ಕೊಟ್ಟವರು, ಪಡೆದವರು ಇಬ್ಬರೂ ಅವಳಿಗಳು. ನಿಜಕ್ಕೂ ತದ್ರೂಪಿಗಳೇ ಎಂದು ಖಚಿತಪಡಿಸಿಕೊಳ್ಳಲು ಡಾ. ಜೋಸೆಫ್ ಮರ್ರೆ ತಂಡ ಮೊದಲು ಒಬ್ಬರ ಚರ್ಮದ ಚೂರನ್ನು ಇನ್ನೊಬ್ಬರಿಗೆ ಕಸಿ ಮಾಡಿ ನೋಡಿತ್ತು. ಚರ್ಮ ಹಿಡಿಯಿತು, ಆಮೇಲೆ ಕಿಡ್ನಿಯೂ ಹಿಡಿಯಿತು.

● ಜೀವಕೋಶಗಳ ಮೇಲಿರುವ ಎಚ್‌ಎಲ್‌ಎ ಗುರುತು ನೋಡಿ ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ನಮ್ಮದು ಯಾವುದು, ಪರರದು ಯಾವುದು ಎಂದು ಪತ್ತೆ ಹಚ್ಚುತ್ತವೆ. ಒಡಹುಟ್ಟಿದವರಲ್ಲಿ ಈ ಗುರುತು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು.

● ರಕ್ತದ ಗುಂಪು ಹೊಂದಿದರೆ ಸಾಕೇ? ಸಾಲದು. ದಾನಿಯ ಬಿಳಿ ರಕ್ತಕಣಗಳಿಗೆ ರೋಗಿಯ ಸೀರಮ್ ಬೆರೆಸಿ ನೋಡುವ 'ಕ್ರಾಸ್‌ಮ್ಯಾಚ್' ಆಗಲೇಬೇಕು. ಇದರ ಮಹತ್ವವನ್ನು ಪಟೇಲ್ ಮತ್ತು ತೆರಸಾಕಿ 1969ರಲ್ಲಿ ತೋರಿಸಿಕೊಟ್ಟರು. ರೋಗಿಯ ರಕ್ತದಲ್ಲಿ ದಾನಿಯ ಗುರುತುಗಳ ವಿರುದ್ಧ ಮೊದಲೇ ಪ್ರತಿಕಾಯಗಳಿದ್ದರೆ, ಆಗಷ್ಟೇ ಗುಲಾಬಿ ಬಣ್ಣಕ್ಕೆ ತಿರುಗಿದ ಕಿಡ್ನಿ ಆಪರೇಷನ್ ಟೇಬಲ್ ಮೇಲೆಯೇ, ನಿಮಿಷಗಳಲ್ಲಿ, ನೀಲಿಗಟ್ಟಿ ಮೆತ್ತಗಾಗಿಬಿಡಬಹುದು.

● ಆ ಪ್ರತಿಕಾಯಗಳು ಬರುವುದೆಲ್ಲಿಂದ? ಹಿಂದೆ ಪಡೆದ ರಕ್ತದಿಂದ, ಹಳೆಯ ಕಸಿಯಿಂದ, ಬಸಿರಿನಿಂದಲೂ! ಮಗುವಿನ ಅರ್ಧ ಗುರುತುಗಳು ತಂದೆಯವು. ಪ್ರತಿಕಾಯ ತಯಾರಿಸುವ ತಾಯಿಯ ಬಿ ಕೋಶಗಳು ಅವನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳಬಲ್ಲವು. ಹಾಗಾಗಿ ಹೆಂಡತಿ ಗಂಡನಿಗೆ ಕೊಟ್ಟಷ್ಟು ಸಲೀಸಾಗಿ ಗಂಡ ಹೆಂಡತಿಗೆ ಕಿಡ್ನಿ ಕೊಡಲು ಕೆಲವೊಮ್ಮೆ ಆಗುವುದಿಲ್ಲ. (ಕೊಡಲು ಮುಂದೆ ಬರುವ ಗಂಡಂದಿರು ಎಷ್ಟು ಎಂಬುದು ಬೇರೆ ಮಾತು.)

● ದೇಹ ಕಸಿ ಕಿಡ್ನಿಯನ್ನು ತಿರಸ್ಕರಿಸತೊಡಗಿದರೆ ನೋವು, ಜ್ವರ ಬಂದೇ ಬರಬೇಕೆಂದಿಲ್ಲ. ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಏರಿರುತ್ತದೆ, ಅಷ್ಟೆ. ಬಯಾಪ್ಸಿ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮೂತ್ರ ಸೋಸಿ ಬರುವ ಸಣ್ಣ ನಾಳಗಳ ಗೋಡೆಯೊಳಗೇ ಟಿ ಕೋಶಗಳು ನುಗ್ಗಿ ಕೂತಿರುತ್ತವೆ.

● ಟಿ ಕೋಶಗಳೆಲ್ಲ ಜಗಳಗಂಟಿಗಳಲ್ಲ. ದಾಳಿಯನ್ನು ತಡೆಯುವ 'ಟಿ-ರೆಗ್' ಎಂಬ ಗುಂಪೂ ಇದೆ. ಇವುಗಳ ಸಂಶೋಧನೆಗೆ ಸಕಗುಚಿ, ಬ್ರಂಕೋವ್, ರಾಮ್ಸ್‌ಡೆಲ್ ಅವರಿಗೆ 2025ರ ನೊಬೆಲ್ ಬಂತು. ರೋಗಿಯದೇ ಟಿ-ರೆಗ್‌ಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಮರಳಿ ಕೊಟ್ಟು, ತಿರಸ್ಕಾರ ತಡೆಯುವ ಮಾತ್ರೆ ತಗ್ಗಿಸುವ ಪ್ರಯೋಗಗಳೂ ನಡೆದಿವೆ.

● ಸದ್ಯಕ್ಕೆ ಮಾತ್ರೆಗಳೇ ಗತಿ. ಸೈಕ್ಲೋಸ್ಪೊರಿನ್ ಸಿಕ್ಕಿದ್ದು ನಾರ್ವೆಯ ಮಣ್ಣಿನ ಶಿಲೀಂಧ್ರದಲ್ಲಿ, ಟ್ಯಾಕ್ರೋಲಿಮಸ್ ಜಪಾನಿನ ತ್ಸುಕುಬಾ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ. ಟ್ಯಾಕ್ರೋಲಿಮಸ್ ನುಂಗುವವರಿಗೆ ಚಕ್ಕೋತ ಕೂಡದು. ರಕ್ತದಲ್ಲಿ ಔಷಧದ ಮಟ್ಟ ವಿಪರೀತ ಏರಬಹುದು. ಚಕ್ಕೋತಕ್ಕೆ ಹೆಸರಾದ ದೇವನಹಳ್ಳಿಯ ನೆಂಟರು ತಂದುಕೊಟ್ಟರೂ ಅಷ್ಟೆ!