ಜಿಂಜರ್ ಬೇಕರ್ ಕಟ್ಟಿದ ಅಲ್ಪಾಯುಷಿ ‘ಏರ್ ಫೋರ್ಸ್’

ರಾಕ್ ತಂಡಗಳಲ್ಲಿ ಡ್ರಮ್ಮರ್‌ಗೆ ಸಾಮಾನ್ಯವಾಗಿ ಹಿಂದಿನ ಸಾಲೇ ಗತಿ. ಬೆಳಕೆಲ್ಲ ಗಾಯಕ ಹಾಗೂ ಗಿಟಾರ್ ವಾದಕರ ಮೇಲೆ. ಈ ಕ್ರಮವನ್ನು ತಲೆಕೆಳಗು ಮಾಡಲು ಹೊರಟವರು ಇಂಗ್ಲೆಂಡಿನ ಜಿಂಜರ್ ಬೇಕರ್. ಅದಕ್ಕಾಗಿ ಅವರು ಕಟ್ಟಿದ ‘ಜಿಂಜರ್ ಬೇಕರ್ಸ್ ಏರ್ ಫೋರ್ಸ್’ ಮಾತ್ರ ಬಹುಕಾಲ ಬಾಳಲಿಲ್ಲ.

ಎರಿಕ್ ಕ್ಲ್ಯಾಪ್ಟನ್ ಮತ್ತು ಜಾಕ್ ಬ್ರೂಸ್ ಜೊತೆಗಿನ ‘ಕ್ರೀಮ್’ 1968ರಲ್ಲಿ ಮುಗಿದಿತ್ತು. ನಂತರದ ‘ಬ್ಲೈಂಡ್ ಫೇತ್’ 1969ರಲ್ಲೇ ಒಡೆಯಿತು. ಖ್ಯಾತಿ ತಂದದ್ದು ರಾಕ್ ಆದರೂ ಬೇಕರ್ ತಮ್ಮನ್ನು ಜಾಜ್ ವಾದಕನೆಂದೇ ಪರಿಗಣಿಸಿದ್ದರು. ಹೊಸ ತಂಡದಲ್ಲಿ ಅವರು ಜಾಜ್, ಬ್ಲೂಸ್ ಹಾಗೂ ಆಫ್ರಿಕಾದ ಲಯವನ್ನು ಒಂದುಗೂಡಿಸಿದರು.

1970ರ ಜನವರಿ 15ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಹತ್ತು ಕಲಾವಿದರ ಈ ತಂಡ ನೀಡಿದ ಕಛೇರಿಯೇ ಅದರ ಮೊದಲ ಆಲ್ಬಂ ಆಯಿತು. ಸ್ಟೀವ್ ವಿನ್‌ವುಡ್, ಡೆನ್ನಿ ಲೇನ್, ಗ್ರಹಾಂ ಬಾಂಡ್ ಮುಂತಾದವರ ನಡುವೆ ತಾಳವಾದ್ಯಗಾರರೇ ಮೂವರು: ಸ್ವತಃ ಬೇಕರ್, ರೆಮಿ ಕಬಾಕಾ ಮತ್ತು ಫಿಲ್ ಸೀಮನ್. ಬೇಕರ್‌ಗೆ ಆಫ್ರಿಕಾದ ಲಯದ ರುಚಿ ಹತ್ತಿಸಿದ ಗುರು ಇದೇ ಸೀಮನ್. ತಮಗೆ ಕೀರ್ತಿ ಬಂದ ಮೇಲೆ ಶಿಷ್ಯ ಗುರುವನ್ನು ಅದೇ ವೇದಿಕೆಗೆ ಕರೆತಂದದ್ದು ಗಮನಾರ್ಹ.

ಆದರೆ ತಂಡದ ಬಲವೇ ಅದರ ದೌರ್ಬಲ್ಯವೂ ಆಗಿತ್ತು. ಹೆಸರಾಂತ ಕಲಾವಿದರಿಗೆಲ್ಲ ತಮ್ಮದೇ ದಾರಿಗಳಿದ್ದವು. ವಿನ್‌ವುಡ್ ಮತ್ತು ಸ್ಯಾಕ್ಸೊಫೋನ್ ವಾದಕ ಕ್ರಿಸ್ ವುಡ್ ತಮ್ಮ ‘ಟ್ರಾಫಿಕ್’ ತಂಡಕ್ಕೆ ಮರಳಿದರು. 1970ರಲ್ಲೇ ಎರಡನೆಯ ಆಲ್ಬಂ ಹೊರಬಂದಾಗ ಸದಸ್ಯರಲ್ಲಿ ಹಲವರು ಬದಲಾಗಿದ್ದರು. ಬಳಿಕ ತಂಡವೇ ಚದುರಿತು. ಸೀಮನ್ 1972ರಲ್ಲಿ ನಿಧನರಾದರು.

ಆದರೂ ಪ್ರಯೋಗ ವ್ಯರ್ಥವಾಯಿತು ಎನ್ನಲಾಗದು. ವೇದಿಕೆಯ ಮೇಲೆ ಅರಸಿದ ಲಯದ ಮೂಲವನ್ನೇ ಹುಡುಕಿ ಬೇಕರ್ ನೈಜೀರಿಯಾಕ್ಕೆ ನಡೆದರು. ಅಲ್ಲಿನ ಫೆಲಾ ಕುಟಿ ತಂಡದೊಡನೆ ಡ್ರಮ್ ನುಡಿಸಿದ ಆಲ್ಬಂ 1971ರಲ್ಲಿ ಹೊರಬಂತು. ಲಾಗೋಸ್‌ನಲ್ಲಿ ಧ್ವನಿಮುದ್ರಣ ಸ್ಟುಡಿಯೋವನ್ನೂ ಅವರು ತೆರೆದರು. 1973ರಲ್ಲಿ ಪಾಲ್ ಮೆಕಾರ್ಟ್ನಿ ಅವರ ‘ವಿಂಗ್ಸ್’ ತಂಡ ‘ಬ್ಯಾಂಡ್ ಆನ್ ದ ರನ್’ ಆಲ್ಬಂಗಾಗಿ ಲಾಗೋಸ್‌ಗೆ ಬಂದಾಗ ಒಂದು ಹಾಡಿನ ಮುದ್ರಣ ನಡೆದದ್ದು ಇಲ್ಲಿಯೇ. ಆಗ ‘ವಿಂಗ್ಸ್’ನಲ್ಲಿದ್ದವರು ‘ಏರ್ ಫೋರ್ಸ್’ನ ಹಳೆಯ ಸಂಗಾತಿ ಡೆನ್ನಿ ಲೇನ್!

ಬೇಕರ್ 2019ರ ಅಕ್ಟೋಬರ್ 6ರಂದು, 80ನೆಯ ವಯಸ್ಸಿನಲ್ಲಿ ನಿಧನರಾದರು. ‘ಕ್ರೀಮ್’ನ ಖ್ಯಾತಿಯ ಮುಂದೆ ‘ಏರ್ ಫೋರ್ಸ್’ ಮಸುಕಾಗಿ ಕಂಡೀತು. ಆದರೆ ಹಿಂದಿನ ಸಾಲಿನ ವಾದಕನೊಬ್ಬ ತನ್ನ ಹೆಸರಿನಲ್ಲೇ ತಂಡ ಕಟ್ಟಿ, ತನ್ನ ಗುರುವಿಗೂ ಅದರಲ್ಲಿ ಜಾಗ ಕೊಟ್ಟ ಆ ರಾತ್ರಿ ಧ್ವನಿಮುದ್ರಿಕೆಯಲ್ಲಿ ಉಳಿದಿದೆ.