ಕಲ್ಲಿನ ಮೇಲೆ ಕೊರೆದ ಕ್ರೋಧ

1994ರ ಫೆಬ್ರುವರಿ 25, ರಂಜಾನ್ ಮಾಸದ ಶುಕ್ರವಾರ. ಪಶ್ಚಿಮ ದಂಡೆಯ ಹೆಬ್ರಾನ್ ನಗರದ ಇಬ್ರಾಹಿಮಿ ಮಸೀದಿಯಲ್ಲಿ ಮುಂಜಾನೆಯ ಪ್ರಾರ್ಥನೆಗೆ ತಲೆಬಾಗಿದ್ದವರ ಮೇಲೆ ಬರೂಕ್ ಗೋಲ್ಡ್‌ಸ್ಟೀನ್ ಎಂಬ ಯಹೂದಿ ವೈದ್ಯನು ಗುಂಡು ಹಾರಿಸಿ 29 ಜನರನ್ನು ಕೊಂದನು. ನಲವತ್ತು ದಿನಗಳ ಶೋಕಾವಧಿ ಕಳೆಯಿತು. ಏಪ್ರಿಲ್ 6ರಂದು ಇಸ್ರೇಲಿನ ಅಫುಲಾ ಪಟ್ಟಣದಲ್ಲಿ ಬಸ್ಸೊಂದರ ಪಕ್ಕದಲ್ಲಿ ಕಾರ್ ಬಾಂಬ್ ಸಿಡಿದು 8 ಜನರು ಮಡಿದರು. ಇದು ಹೆಬ್ರಾನಿಗೆ ಪ್ರತೀಕಾರವೆಂದು ಹಮಾಸ್ ಸಾರಿತು. ಹೆಬ್ರಾನಿನ ಹಂತಕನಾದರೋ ಅಂದೇ ಮಸೀದಿಯೊಳಗೆ ಜನರ ಕೈಯಲ್ಲಿ ಹತನಾಗಿದ್ದನು!

ಗೃಹಸ್ಥನ ಹಿಂಸೆಯನ್ನು ಜೈನಾಚಾರ್ಯರು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ಹೇಳಿದ್ದಾರೆ. ಮೇಲೆರಗಿ ಬಂದವನನ್ನು ತಡೆಯುವಾಗ ಆಗುವುದು ವಿರೋಧೀ ಹಿಂಸೆ. ಅಣುವ್ರತಿಯಾದ ಶ್ರಾವಕನಿಗೂ ಅದನ್ನು ಪೂರ್ಣವಾಗಿ ತೊರೆಯಲಾಗದು. ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಗೆ ಮಾತ್ರ ಅವನಿಗೆ ವಿನಾಯಿತಿಯಿಲ್ಲ. ಇಸ್ರೇಲಿಗಳೂ ಪ್ಯಾಲೆಸ್ಟೀನಿಯರೂ ಪ್ರತಿ ಬಾರಿ ತಮ್ಮದು ರಕ್ಷಣೆಯೆಂದೇ ಹೇಳುತ್ತಾರೆ. ದಿನ ಎಣಿಸಿ ಕಾದು, ತಪ್ಪು ಮಾಡದವನ ಮೇಲೆ ಹಾಕುವ ಏಟಿಗೆ ಆ ಹೆಸರು ಒಪ್ಪುವುದೇ?

ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ‘ಗೊಮ್ಮಟಸಾರ’ವು ಕಷಾಯದ ಸಂಸ್ಕಾರಕ್ಕೆ ಕಾಲದ ಅಳತೆಯನ್ನೇ ಕೊಡುತ್ತದೆ. ಸಂಜ್ವಲನ ಕ್ರೋಧವು ನೀರಿನ ಮೇಲಿನ ಗೆರೆ, ಅಂತರ್ಮುಹೂರ್ತದಲ್ಲಿ ಅಳಿಯುವುದು. ಪ್ರತ್ಯಾಖ್ಯಾನಾವರಣವು ಧೂಳಿನ ಗೆರೆ, ಒಂದು ಪಕ್ಷ. ಅಪ್ರತ್ಯಾಖ್ಯಾನಾವರಣವು ನೆಲದ ಬಿರುಕು, ಆರು ತಿಂಗಳು. ಅದನ್ನೂ ಮೀರಿ ಭವಭವಾಂತರಕ್ಕೆ ಬೆನ್ನಟ್ಟುವುದು ಅನಂತಾನುಬಂಧಿ, ಕಲ್ಲಿನ ಗೆರೆ. ಅದಿರುವವರೆಗೆ ಸಮ್ಯಗ್ದರ್ಶನವೇ ಉದಯಿಸದು. ಒಂದೇ ಜೀವದ ಬಗೆಗಿನ ಈ ಮಾತನ್ನು ಎರಡು ಜನಾಂಗಗಳಿಗೆ ಹಚ್ಚುವುದು ಶಾಸ್ತ್ರಸಮ್ಮತವಲ್ಲದಿರಬಹುದು. ಆದರೂ 1948ರಲ್ಲಿ ಮನೆ ಕಳೆದುಕೊಂಡ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರ ಮೊಮ್ಮಕ್ಕಳು ಇಂದಿಗೂ ಆ ವರ್ಷವನ್ನೇ ನೆನೆಯುತ್ತಾರೆ. ಯುರೋಪಿನಲ್ಲಿ ತಮ್ಮವರ ಸಂಹಾರವನ್ನು ಕಂಡು ಬದುಕುಳಿದ ಯಹೂದಿಗಳ ಮೊಮ್ಮಕ್ಕಳು ಅದನ್ನು ಮರೆತಿಲ್ಲ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಗೆ ಇಸ್ರೇಲಿನಲ್ಲಿ ಸುಮಾರು 1,200 ಜನ ಬಲಿಯಾದರು. ಆಮೇಲಿನ ಯುದ್ಧದಲ್ಲಿ ಗಾಜಾದಲ್ಲಿ ಸತ್ತವರು ಹತ್ತಾರು ಸಾವಿರ. ಅವರಲ್ಲಿ ಮಕ್ಕಳೇ ಸಾವಿರಾರು. ಲೆಕ್ಕವನ್ನು ಯಾವ ದಿನದಿಂದ ಹಿಡಿಯಬೇಕೆಂದು ಕೇಳಿದರೆ ಇಬ್ಬರೂ ಬೇರೆ ಬೇರೆ ದಿನವನ್ನು ತೋರಿಸುವರು.

ಇತ್ಝಾಕ್ ಫ್ರಾಂಕೆಂಟಾಲ್ ಅವರಿಗೂ ತೋರಿಸಲು ಒಂದು ದಿನವಿತ್ತು. ಅದೇ 1994ರಲ್ಲಿ ಸೈನಿಕನಾಗಿದ್ದ ಅವರ ಮಗನನ್ನು ಹಮಾಸ್ ಅಪಹರಿಸಿ ಕೊಂದಿತು. ಅವರು ಮರುವರ್ಷವೇ, ಮಕ್ಕಳನ್ನೋ ಒಡಹುಟ್ಟಿದವರನ್ನೋ ಕಳೆದುಕೊಂಡ ಎರಡೂ ಕಡೆಯ ಕುಟುಂಬಗಳು ಜೊತೆಯಲ್ಲಿ ಕೂರುವ ವೇದಿಕೆಯನ್ನು ಕಟ್ಟಿದರು. ನೂರಾರು ಕುಟುಂಬಗಳು ಅದರಲ್ಲಿವೆ. 2023ರ ಅಕ್ಟೋಬರ್ ನಂತರ ತಮ್ಮವರನ್ನು ಮಣ್ಣು ಮಾಡಿದ ಕೆಲವರೂ ಅಲ್ಲಿಗೆ ಬಂದು ಕುಳಿತಿದ್ದಾರೆ.